ಹೊಸಬರು ಬರುತ್ತಾರೆ, ಮುಂದಿನ ಭಾನುವಾರ ಕಾಣುವುದಿಲ್ಲ: ನಮ್ಮ ಸ್ವಾಗತ ತಂಡ ಎಲ್ಲಿ ಎಡವುತ್ತಿದೆ?

ಪಾಲನಾಸಮಿತಿ_ಸದಸ್ಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮ ಕಥೋಲಿಕ ಧರ್ಮಕೇಂದ್ರದಲ್ಲಿ (ಪ್ಯಾರಿಷ್) ಎಂಟು ಜನರ ಸ್ವಾಗತ ತಂಡ ಇದೆ. ಭಾನುವಾರ ಎರಡು ಬಲಿಪೂಜೆ (ಮಾಸ್). ಪೂಜೆಗೆ ಹತ್ತು ನಿಮಿಷ ಮುಂಚೆ ನಾಲ್ಕು ಜನ ಮುಖ್ಯ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುತ್ತಾರೆ, ಹಾಡಿನ ಪುಸ್ತಕ ಕೊಡುತ್ತಾರೆ, ಪ್ರವೇಶಗೀತೆ ಶುರುವಾದ ಕೂಡಲೇ ಹೋಗಿ ಕೂರುತ್ತಾರೆ. ಕೊನೆಯಲ್ಲಿ ಪ್ರಕಟಣೆಗಳ ಜೊತೆ ‘ಹೊಸಬರು ದಯವಿಟ್ಟು ಎದ್ದು ನಿಲ್ಲಿ’ ಎಂದು ಕೇಳಿ ಚಪ್ಪಾಳೆ ತಟ್ಟುತ್ತೇವೆ. ಒಂದು ಪುಟದ ನೋಂದಣಿ ಫಾರಂ ಇದೆ, ತುಂಬಿದವರದ್ದು ಕಚೇರಿಯಲ್ಲಿ ಫೈಲ್ ಆಗುತ್ತದೆ.

ಎಲ್ಲರೂ ಮನಸ್ಸಿಟ್ಟೇ ಮಾಡುತ್ತಿದ್ದಾರೆ. ಆದರೂ ಎದ್ದು ನಿಂತವರಲ್ಲಿ ಹೆಚ್ಚಿನವರು ಮತ್ತೆ ಬರುವುದಿಲ್ಲ. ಮೊದಲು ಏನು ಬದಲಿಸಬೇಕು? ಬಾಗಿಲಲ್ಲಿ ಏನು ಮಾತಾಡಬೇಕು? ಬಂದು ಹೋದ ಮೇಲೆ ಅವರನ್ನು ವಿಚಾರಿಸುವವರು ಯಾರಾಗಿರಬೇಕು?

ಗಂಟೆಗೋಪುರ:

ಮೊದಲು ಆ ‘ಎದ್ದು ನಿಲ್ಲಿ’ ಅನ್ನುವುದನ್ನು ಇದೇ ಭಾನುವಾರದಿಂದ ಬಿಡಿ. ಹೊಸ ಜಾಗಕ್ಕೆ ಬಂದವರಿಗೆ ಮೊದಲ ದಿನ ಎಲ್ಲರನ್ನೂ ನೋಡುವ ಆಸೆ ಇರುತ್ತದೆ, ಎಲ್ಲರ ಕಣ್ಣಿಗೆ ಬೀಳುವ ಆಸೆ ಇರುವುದಿಲ್ಲ. ವರ್ಷಗಟ್ಟಲೆ ಪೂಜೆ ಬಿಟ್ಟು ಮರಳಿ ಬಂದವರಂತೂ ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿ ಕೂತಿರುತ್ತಾರೆ. ಇದಕ್ಕಿಂತ ದೊಡ್ಡ ತೊಂದರೆ ಚಪ್ಪಾಳೆಯದು. ಚಪ್ಪಾಳೆ ತಟ್ಟಿದ ಕೂಡಲೇ ಉಳಿದವರಿಗೆಲ್ಲ ‘ಸ್ವಾಗತ ಆಯಿತು’ ಅನ್ನಿಸಿಬಿಡುತ್ತದೆ. ಹೊರಗೆ ಬಂದಾಗ ಆ ಮನುಷ್ಯನನ್ನು ಯಾರೂ ಮಾತಾಡಿಸುವುದಿಲ್ಲ.

ಎರಡನೆಯದು ಸಮಯ. ನಿಮ್ಮ ತಂಡ ಪೂರ್ತಿ ಪೂಜೆಗೆ ಮುಂಚೆ ನಿಲ್ಲುತ್ತದೆ, ಆಮೇಲೆ ಒಬ್ಬರೂ ಇರುವುದಿಲ್ಲ. ಹೊಸಬರು ಮಾತಿಗೆ ಸಿಗುವುದು ಮಾತ್ರ ಆಮೇಲೆಯೇ. ಒಳಗೆ ಬರುವಾಗ ಅವರಿಗೆ ಎಲ್ಲಿ ಕೂರಬೇಕು, ಮಕ್ಕಳನ್ನು ಹೇಗೆ ಸುಮ್ಮನಿರಿಸಬೇಕು, ಶೌಚಾಲಯ ಎಲ್ಲಿ ಎಂಬ ಚಿಂತೆ. ಹೊರಗೆ ಹೋಗುವಾಗ ಮನಸ್ಸು ಬಿಡುವಾಗಿರುತ್ತದೆ.

ನಾಲ್ಕು ಜನ ಒಂದೇ ಬಾಗಿಲಲ್ಲಿ ನಿಂತರೆ ತಮ್ಮತಮ್ಮಲ್ಲೇ ಮಾತಿಗೆ ಬೀಳುತ್ತಾರೆ, ಬರುವವರು ಆ ಗುಂಪನ್ನು ಸುತ್ತಿಕೊಂಡು ಒಳಗೆ ಹೋಗಬೇಕಾಗುತ್ತದೆ. ಬಾಗಿಲಿಗೆ ಇಬ್ಬರು ಸಾಕು. ಒಬ್ಬರು ಹೊರಗೆ, ಗೇಟಿನಿಂದಲೇ ಕಾಣುವ ಹಾಗೆ. ಇನ್ನೊಬ್ಬರು ಬಾಗಿಲು ದಾಟಿ ಎರಡು ಮೂರು ಹೆಜ್ಜೆ ಒಳಗೆ, ದಾರಿಗೆ ಅಡ್ಡವಾಗದಂತೆ. ಪೂಜೆಗೆ 20 ನಿಮಿಷ ಮುಂಚೆ ಬಂದು ಶುಭಸಂದೇಶದ (ಸುವಾರ್ತೆಯ) ವಾಚನ ಮುಗಿಯುವವರೆಗೂ ಅಲ್ಲೇ ಇರಬೇಕು. ತಡವಾಗಿ ಬರುವವರು ಹೆಚ್ಚಾಗಿ ಮಗು ಎತ್ತಿಕೊಂಡವರು, ದಾರಿ ತಪ್ಪಿದವರು, ಪೂಜೆಯ ವೇಳೆ ಗೊತ್ತಿಲ್ಲದವರು. ಸ್ವಾಗತ ಬೇಕಿರುವುದು ಇವರಿಗೇ, ನಿಮ್ಮವರು ಹೋಗಿ ಕೂರುವುದೂ ಅದೇ ಹೊತ್ತಿಗೆ. ಇನ್ನೊಂದು ಮಾತು: ಜನ ನಿಜವಾಗಿ ಯಾವ ಬಾಗಿಲಿಂದ ಬರುತ್ತಾರೆ ಎಂದು ಒಂದು ಭಾನುವಾರ ಎಣಿಸಿ ನೋಡಿ. ವಾಹನ ನಿಲ್ಲಿಸುವ ಜಾಗ ಪಕ್ಕದ ಬಾಗಿಲಿಗೆ ಹತ್ತಿರವಿದ್ದರೆ ಮುಖ್ಯ ಬಾಗಿಲಲ್ಲಿ ನಿಂತು ಪ್ರಯೋಜನವಿಲ್ಲ.

ಉಳಿದ ಇಬ್ಬರು ಕಡೆಯ ಸಾಲಿನ ಅಂಚಿನಲ್ಲಿ ಕೂರಲಿ. ಕೊನೆಯ ಆಶೀರ್ವಾದ ಮುಗಿಯುವ ಹೊತ್ತಿಗೆ ಬಾಗಿಲಲ್ಲಿರಬೇಕು. ಪರಮಪ್ರಸಾದ (ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿ) ಸ್ವೀಕರಿಸಿ ನೇರವಾಗಿ ಹೊರಟವರ ಬೆನ್ನು ಹತ್ತಬೇಡಿ, ಅವರಿಗೆ ಏನೋ ತುರ್ತು ಇರುತ್ತದೆ. ಪೂಜೆ ಮುಗಿದ ಮೊದಲ ಮೂರು ನಿಮಿಷಕ್ಕೆ ತಂಡಕ್ಕೆ ಒಂದೇ ನಿಯಮ: ಹೆಸರು ಗೊತ್ತಿಲ್ಲದವರ ಜೊತೆ ಮಾತ್ರ ಮಾತು. ತಂಡದವರು ಪರಸ್ಪರ ಮಾತಾಡುವ ಹಾಗಿಲ್ಲ, ಸಮಿತಿಯ ಕೆಲಸದ ಸುದ್ದಿ ಎತ್ತುವ ಹಾಗಿಲ್ಲ. ಈ ನಿಯಮ ಮುರಿಯುವುದು ಯಾವಾಗಲೂ ಒಂದೇ ರೀತಿ. ಯಾರೋ ಬಂದು ‘ಆ ಬಿಲ್ಲಿನ ವಿಷಯ ಏನಾಯ್ತು’ ಅನ್ನುತ್ತಾರೆ. ‘ಹತ್ತು ನಿಮಿಷ ಬಿಟ್ಟು ನಾನೇ ಬರ್ತೀನಿ’ ಎಂಬ ಉತ್ತರ ನಾಲಿಗೆ ತುದಿಯಲ್ಲಿರಲಿ.

ಲೆಕ್ಕ ನೋಡಿ: ಪೂಜೆಗೆ ಮುಂಚೆ ಇಬ್ಬರು, ಆಮೇಲೆ ಇಬ್ಬರು, ಎರಡು ಪೂಜೆಗೆ ಎಂಟು. ಒಂದು ಭಾನುವಾರಕ್ಕೆ ನಿಮ್ಮ ಜನ ಸರಿಹೋಯಿತು. ಅದೇ ಎಂಟು ಜನ ವಾರವಾರವೂ ನಿಂತರೆ ಬೇಗ ದಣಿಯುತ್ತಾರೆ, ದಣಿದವರ ನಗು ಕಾಟಾಚಾರದ್ದಾಗುತ್ತದೆ. ಮೂರು ವಾರಕ್ಕೊಮ್ಮೆ ಸರದಿ ಬರಬೇಕಾದರೆ 24 ಜನ ಬೇಕು.

ಪೂಜೆಯ ನಂತರ ಕಾಫಿ, ಟೀ ಇಡುವುದಾದರೆ ಮೇಜು ಹೊರಗೆ ಹೋಗುವ ದಾರಿಯಲ್ಲೇ ಇರಲಿ. ಕಟ್ಟಡದ ಹಿಂದಿನ ಸಭಾಂಗಣಕ್ಕೆ ಹೊಸಬರು ಒಬ್ಬರೇ ಹೋಗುವುದಿಲ್ಲ. ‘ಅಲ್ಲಿದೆ, ಹೋಗಿ ಕುಡೀರಿ’ ಅನ್ನುವುದಕ್ಕೂ ‘ಬನ್ನಿ, ನಾನೂ ಅಲ್ಲಿಗೇ ಹೊರಟೆ’ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಮೇಜು ಎರಡಿರಲಿ, ಒಂದಿದ್ದರೆ ಸಾಲು ಬೆಳೆಯುತ್ತದೆ. ಮೊದಲ ತಿಂಗಳು ಪೂಜೆಗೆ ಬರುವವರ ನಾಲ್ಕನೇ ಒಂದು ಭಾಗಕ್ಕೆ ಆಗುವಷ್ಟು ಮಾಡಿ, ಆಮೇಲೆ ಖರ್ಚಾದದ್ದನ್ನು ನೋಡಿ ಹೆಚ್ಚಿಸಿ. ಕುರ್ಚಿಗಳನ್ನು ದುಂಡಗೆ ಹಾಕಬೇಡಿ. ದುಂಡಗೆ ಕೂತವರು ಹೊರಗಿನವರಿಗೆ ಬೆನ್ನು ಕೊಟ್ಟಂತಾಗುತ್ತದೆ, ಅಲ್ಲಿಗೆ ನುಗ್ಗುವ ಧೈರ್ಯ ಯಾರಿಗೂ ಬರುವುದಿಲ್ಲ. ಹಿರಿಯರಿಗಾಗಿ ಗೋಡೆ ಬದಿಗೆ ಹತ್ತು ಕುರ್ಚಿ ಸಾಕು.

ಹಿಂದಿನಬೆಂಚು:

ಮಾತಿನ ಬಗ್ಗೆ ನಾನು ಹೇಳುತ್ತೇನೆ. ‘ನೀವು ಹೊಸಬರಾ?’ ಎಂದು ಕೇಳಬಾರದು. ಎರಡು ಪೂಜೆ ಇರುವ ಕಡೆ ನೀವು ಕೇಳಿದವರು 20 ವರ್ಷದಿಂದ ಇನ್ನೊಂದು ಪೂಜೆಗೆ ಬರುತ್ತಿರುವವರಾಗಿರಬಹುದು, ಅವರಿಗೆ ನೋವಾಗುತ್ತದೆ. ನಿಜವಾಗಿ ಹೊಸಬರಾದರೆ ‘ನೀವು ಹೊರಗಿನವರು’ ಎಂದ ಹಾಗೆ ಕೇಳಿಸುತ್ತದೆ. ‘ನಾವಿಬ್ಬರೂ ಇನ್ನೂ ಮಾತಾಡಿಲ್ಲ ಅನ್ಸುತ್ತೆ, ನನ್ನ ಹೆಸರು ಇಂಥದು’ ಎಂದು ಶುರು ಮಾಡಿ. ಇಬ್ಬರಿಗೂ ಹೊಂದುತ್ತದೆ.

ಹೆಸರು ಕೇಳಿದ ಮೇಲೆ ಮದುವೆ, ಮಕ್ಕಳು, ಕೆಲಸದ ಕಡೆಗೆ ಹೋಗಬೇಡಿ. ಗಂಡನನ್ನು ಕಳೆದುಕೊಂಡವರು, ಮಕ್ಕಳಿಲ್ಲದವರು, ದೂರವಾದವರು, ಕೆಲಸ ಹೋದವರು ಆ ಒಂದೇ ಪ್ರಶ್ನೆಗೆ ಮುದುಡಿಕೊಳ್ಳುತ್ತಾರೆ. ‘ಇಲ್ಲಿ ಏನಾದ್ರೂ ತಿಳ್ಕೋಬೇಕಿತ್ತಾ?’ ಎಂದು ಕೇಳಿ ಸುಮ್ಮನಿರಿ. ಬಾಯಿ ಬಿಟ್ಟು ಹೇಳಬೇಕಾದದ್ದನ್ನು ಅವರೇ ಹೇಳುತ್ತಾರೆ. ಆಮೇಲೆ ಇನ್ನೊಬ್ಬರನ್ನು ಕರೆದು ಪರಿಚಯ ಮಾಡಿಸಿ. ಅವರದೇ ಬೀದಿಯವರು, ಅವರ ವಯಸ್ಸಿನ ಮಕ್ಕಳಿರುವವರು, ಗಾನವೃಂದದವರು, ಯಾರಾದರೂ ಸರಿ. ಸ್ವಾಗತ ತಂಡದವರೊಬ್ಬರೇ ಪರಿಚಯವಾದರೆ ಅದು ಮೇಜಿನ ಹಿಂದೆ ಕೂತ ಗುಮಾಸ್ತರ ಪರಿಚಯದ ಹಾಗೆ. ಮೂರನೇ ಮನುಷ್ಯನ ಹೆಸರು ತಿಳಿದ ಮೇಲೆಯೇ ಅವರಿಗೆ ಧರ್ಮಕೇಂದ್ರ ಪರಿಚಯವಾಗುವುದು.

ಇನ್ನು ಕೂರುವ ಜಾಗ. ಮುಖ ನೋಡಿ ಮಣೆ ಹಾಕುವುದು ಕ್ರೈಸ್ತ ಸಭೆಯಷ್ಟೇ ಹಳೆಯ ರೋಗ. ಬೈಬಲಿನ ಯಕೋಬನ ಪತ್ರದ ಎರಡನೇ ಅಧ್ಯಾಯ ಶುರುವಾಗುವುದೇ ಅದರಿಂದ: ಚಿನ್ನದುಂಗುರ ತೊಟ್ಟವನಿಗೆ ಒಳ್ಳೆಯ ಆಸನ, ಬಡವನಿಗೆ ‘ಅಲ್ಲಿ ನಿಂತಿರು, ಇಲ್ಲವೇ ನನ್ನ ಪಾದಪೀಠದ ಬಳಿ ಕೂತಿರು’. ಮೂರನೇ ಶತಮಾನದ ಸಿರಿಯಾದಲ್ಲಿ ಬರೆದ ‘ದಿದಸ್ಕಾಲಿಯಾ’ ಎಂಬ ಸಭಾನಿಯಮ ಇನ್ನೂ ಮುಂದೆ ಹೋಗುತ್ತದೆ. ಬಡವರೊಬ್ಬರು, ಅದರಲ್ಲೂ ವಯಸ್ಸಾದವರು ಬಂದು ಜಾಗವಿಲ್ಲದಿದ್ದರೆ ಧರ್ಮಾಧ್ಯಕ್ಷರು (ಬಿಷಪ್) ಮನಃಪೂರ್ವಕವಾಗಿ ಜಾಗ ಮಾಡಿಕೊಡಬೇಕು, ತಾವು ನೆಲದ ಮೇಲೆ ಕೂರಬೇಕಾಗಿ ಬಂದರೂ ಸರಿ ಎನ್ನುತ್ತದೆ. ಇದನ್ನು ಓದಿದ ಮೇಲೆ ಸಮಿತಿಯವರಿಗೆಂದು ಮುಂದಿನ ಸಾಲು ಕಾಯ್ದಿರಿಸುವುದಕ್ಕೆ ಏನು ಸಮರ್ಥನೆ ಉಳಿಯುತ್ತದೆ?

ಮಾಡಬೇಕಾದದ್ದು ಸಣ್ಣದು. ಹಳಬರು ಬೆಂಚಿನ ಅಂಚು ಬಿಟ್ಟು ನಡುವಿಗೆ ಸರಿಯಬೇಕು. ಹಿಂದಿನ ಮೂರು ಸಾಲುಗಳ ಅಂಚು ಖಾಲಿ ಇರಬೇಕು. ಯಾರಾದರೂ ಬಂದು ಪಕ್ಕ ನಿಂತಾಗ ಮೊಣಕಾಲು ಓರೆ ಮಾಡಿ ‘ದಾಟಿ ಹೋಗಿ’ ಅನ್ನುವುದಲ್ಲ, ತಾವೇ ಒಳಗೆ ಜರುಗಬೇಕು. ಇದನ್ನು ಗುರುಗಳು ನಾಲ್ಕು ವಾರ ಬಿಡದೆ ಹೇಳಬೇಕು, ಸಮಿತಿಯವರು ಮೊದಲು ಮಾಡಿ ತೋರಿಸಬೇಕು. ಬರೀ ನೋಟಿಸ್ ಅಂಟಿಸಿದರೆ ಯಾರೂ ಜರುಗುವುದಿಲ್ಲ.

ತಡವಾಗಿ ಬಂದವರನ್ನು ವಾಚನದ ನಡುವೆ ಕರೆದೊಯ್ಯಬೇಡಿ. ಮೊದಲ ವಾಚನ ಮುಗಿದು ಕೀರ್ತನೆ ಶುರುವಾಗುವ ನಡುವೆ, ಅಥವಾ ಅಲ್ಲೆಲೂಯಕ್ಕೆ ಎಲ್ಲರೂ ಎದ್ದಾಗ ಕೂರಿಸಿ. ಎಲ್ಲರೂ ನಿಂತಿರುವಾಗ ಯಾರ ಕಣ್ಣೂ ಅವರ ಮೇಲೆ ಬೀಳುವುದಿಲ್ಲ. ಪ್ರಬೋಧನೆ (ಗುರುಗಳ ಉಪದೇಶ) ನಡೆಯುತ್ತಿದ್ದರೆ ಬಾಗಿಲ ಪಕ್ಕದಲ್ಲೇ ನಾಲ್ಕು ಬಿಡಿ ಕುರ್ಚಿ ಇಟ್ಟಿರಿ.

ಮೌನಪ್ರಿಯ:

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಅತಿಯಾದ ಆದರವೂ ಜನರನ್ನು ಓಡಿಸುತ್ತದೆ. ಮೊನ್ನೆ ಮೊನ್ನೆ ಮಣ್ಣು ಮಾಡಿ ಬಂದವರು, ಪಾಪನಿವೇದನೆಗೆ ಧೈರ್ಯ ಕೂಡಿಸಿಕೊಳ್ಳುತ್ತಿರುವವರು, ಸುಮ್ಮನೆ ದೇವರೆದುರು ಕೂತು ಹೋಗಲು ಬಂದವರು ಇರುತ್ತಾರೆ. ಬೇಗ ಬಂದು ಮೊಣಕಾಲೂರಿದವರನ್ನು, ಕಣ್ಣು ತಪ್ಪಿಸುವವರನ್ನು, ಕಂಬದ ಮರೆಯಲ್ಲಿ ಕೂತವರನ್ನು ಅವರ ಪಾಡಿಗೆ ಬಿಡಿ. ತಲೆದೂಗಿದರೆ ಸಾಕು. ಅದೇ ಮುಖ ಮೂರು ವಾರ ಕಂಡರೆ ಆಗ ಒಂದು ಮಾತು. ಅಪ್ಪಿಕೊಳ್ಳುವುದು, ಬೆನ್ನು ತಟ್ಟುವುದು, ಗೊತ್ತಿಲ್ಲದ ಮಕ್ಕಳನ್ನು ಎತ್ತಿಕೊಳ್ಳುವುದು ಬೇಡವೇ ಬೇಡ. ಮಾತೆಲ್ಲ ಮುಂಭಾಗದ ಮಂಟಪದಲ್ಲಿರಲಿ. ಒಳಗೆ ಗಲಾಟೆ ಎದ್ದರೆ ಪ್ರಾರ್ಥನೆಗೆಂದು ಬಂದವರಿಗೆ ಜಾಗವಿಲ್ಲದಂತಾಗುತ್ತದೆ.

ಪರಮಪ್ರಸಾದದ ಹೊತ್ತಿನ ಬಗ್ಗೆ ಯಾರೂ ಹೇಳಲಿಲ್ಲ, ಅದು ಬಹಳ ಮುಖ್ಯ. ಒಂದೊಂದು ಸಾಲಿನ ಪಕ್ಕ ನಿಂತು ಕೈಸನ್ನೆ ಮಾಡಿ ಎಬ್ಬಿಸುವ ಪದ್ಧತಿ ಇದ್ದರೆ ದಯವಿಟ್ಟು ಬಿಡಿ. ಕಥೋಲಿಕರಲ್ಲದವರು, ಸ್ವೀಕರಿಸುವ ಸ್ಥಿತಿಯಲ್ಲಿಲ್ಲದವರು ಆ ಕೈಸನ್ನೆಯ ಮುಂದೆ ಕೂತಿರಲಾರರು. ಎದ್ದು ಹೋಗಿ ತಪ್ಪಿತಸ್ಥರಂತೆ ಹಿಂದಿರುಗುತ್ತಾರೆ, ಇಲ್ಲವೇ ಹೊರಗೆ ನಡೆದುಬಿಡುತ್ತಾರೆ. ಜನ ತಾವಾಗಿ ಎದ್ದು ಬರಲಿ. ಪ್ರಕಟಣೆ ಮಾಡುವವರು ‘ಸ್ವೀಕರಿಸದವರು ಕೂತಲ್ಲೇ ನಮ್ಮೊಡನೆ ಪ್ರಾರ್ಥಿಸಬಹುದು’ ಎಂದು ಒಂದು ವಾಕ್ಯ ಹೇಳಿದರೆ ಸಾಕು, ಕಾರಣಗಳ ಪಟ್ಟಿ ಬೇಡ. ಪಕ್ಕದಲ್ಲಿರುವವರಿಗೆ ಕಲಿಸಬೇಕಾದದ್ದು ಒಂದೇ: ಕೂತವರನ್ನು ದಾಟಿ ಹೋಗುವಾಗ ತಿರುಗಿ ನೋಡಬಾರದು.

ಪಾಲನಾಸಮಿತಿ_ಸದಸ್ಯ:

ಕೈಸನ್ನೆಯ ಪದ್ಧತಿ ನಮ್ಮಲ್ಲೂ ಇದೆ, ಅದು ಹೀಗೆ ನೋಯಿಸಬಹುದು ಎಂದು ಹೊಳೆದೇ ಇರಲಿಲ್ಲ. ನಿಲ್ಲಿಸುತ್ತೇವೆ. ಫಾರಂ ವಿಷಯ ಯಾರಾದರೂ ಹೇಳಿ. ಮುಂದೆ ಮೂರು ಮೆಟ್ಟಿಲಿವೆ, ಗಾಲಿಕುರ್ಚಿಯವರಿಗೆ ಏನು ಮಾಡಬಹುದು ಎಂಬುದನ್ನೂ ತಿಳಿಸಿ.

ಕಚೇರಿಮೇಜು:

ಒಂದು ಪುಟದ ಫಾರಂ ಮೊದಲ ದಿನಕ್ಕೆ ಭಾರ. ಅಂಚೆ ಕಾರ್ಡಿನಷ್ಟು ದೊಡ್ಡ ಚೀಟಿ ಮಾಡಿಸಿ: ಹೆಸರು, ಫೋನ್, ಯಾವ ಹೊತ್ತಿಗೆ ಕರೆ ಮಾಡಬಹುದು, ಏನು ಬೇಕು. ಕೊನೆಯದಕ್ಕೆ ಗುರುತು ಹಾಕುವ ಚೌಕಗಳಿರಲಿ: ಮಗುವಿನ ಜ್ಞಾನಸ್ನಾನ (ಬ್ಯಾಪ್ಟಿಸಂ), ಗುರುಗಳ ಭೇಟಿ, ಮನೆಯಲ್ಲಿರುವ ರೋಗಿಗೆ ಪರಮಪ್ರಸಾದ, ಸದ್ಯಕ್ಕೆ ಏನೂ ಬೇಡ. ಜ್ಞಾನಸ್ನಾನದ ದಿನಾಂಕ, ವಿವಾಹದ ವಿವರ ಎರಡನೇ ಭೇಟಿಗೆ ಇಟ್ಟುಕೊಳ್ಳಿ. ವಂತಿಗೆಯ ಸುದ್ದಿ ಚೀಟಿಯಲ್ಲಿ ಬರಲೇಬಾರದು. ‘ನಿಮ್ಮನ್ನು ಕೇಳದೆ ನಿಮ್ಮ ನಂಬರನ್ನು ಯಾವ ವಾಟ್ಸಾಪ್ ಗುಂಪಿಗೂ ಸೇರಿಸುವುದಿಲ್ಲ’ ಎಂದು ಕೆಳಗೆ ಅಚ್ಚು ಹಾಕಿಸಿ, ಅದರಂತೆ ನಡೆದುಕೊಳ್ಳಿ. ಚೀಟಿಯ ಜೊತೆ ಪೆನ್ನೂ ಇರಲಿ. ಪೆನ್ನಿಲ್ಲದ ಚೀಟಿ ಮನೆಗೆ ಹೋಗುತ್ತದೆ, ಮರಳಿ ಬರುವುದಿಲ್ಲ.

ನಿಮ್ಮಲ್ಲಿ ತಪ್ಪುತ್ತಿರುವುದು ಆಮೇಲಿನ ಹೆಜ್ಜೆ. ಫೈಲ್ ಸೇರಿದ ಕಾಗದ ಯಾರಿಗೂ ಫೋನ್ ಮಾಡುವುದಿಲ್ಲ. ತಂಡ ಮನೆಗೆ ಹೊರಡುವ ಮುಂಚೆ ಚೀಟಿಗಳನ್ನೆಲ್ಲ ತೆಗೆದು, ಪ್ರತಿಯೊಂದರ ಮೇಲೂ ತಂಡದ ಒಬ್ಬರ ಹೆಸರು ಬರೆಯಿರಿ. ಒಬ್ಬರದ್ದೇ. ‘ಯಾರಾದರೂ ಮಾಡಿ’ ಅಂದರೆ ಯಾರೂ ಮಾಡುವುದಿಲ್ಲ, ಇಲ್ಲವೇ ಮೂವರು ಮಾಡಿ ಅವರಿಗೆ ಬೇಸರ ತರಿಸುತ್ತಾರೆ. ಕರೆ ಮಂಗಳವಾರ ರಾತ್ರಿಯೊಳಗೆ ಆಗಬೇಕು, ಮೂರು ನಿಮಿಷ ಮೀರಬಾರದು. ‘ಬಂದದ್ದು ಸಂತೋಷ, ಚೀಟಿಯಲ್ಲಿ ಬರೆದ ವಿಷಯ ಗುರುಗಳಿಗೆ ಮುಟ್ಟಿಸಿದ್ದೇನೆ, ಅವರು ಇಂಥ ದಿನ ಕರೆ ಮಾಡ್ತಾರೆ’, ಇಷ್ಟೇ. ‘ಈ ಭಾನುವಾರ ಬರ್ತೀರಾ?’ ಎಂದು ಹಿಡಿದು ಕೇಳಬೇಡಿ. ಮುಂದಿನ ವಾರ ಕರೆ ಮಾಡಿದವರೇ ಬಾಗಿಲಲ್ಲಿದ್ದು ಹೆಸರು ಹಿಡಿದು ಮಾತಾಡಿಸಬೇಕು. ಸರದಿ ಪಟ್ಟಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿ. ಆರನೇ ವಾರದ ಹೊತ್ತಿಗೆ ಅವರ ಬೀದಿಯ ಕಿರು ಕ್ರೈಸ್ತ ಸಮುದಾಯಕ್ಕೆ (ನೆರೆಹೊರೆಯ ಕುಟುಂಬಗಳ ಗುಂಪು) ಪರಿಚಯಿಸಿ.

ಇದಕ್ಕೆಲ್ಲ ಒಂದು ನೋಟ್‌ಬುಕ್ ಸಾಕು: ಹೆಸರು, ಬಂದ ದಿನ, ಯಾರ ಹೊಣೆ, ಕರೆ ಮಾಡಿದ ದಿನ, ಮತ್ತೆ ಕಂಡ ದಿನ. ತಿಂಗಳಿಗೊಮ್ಮೆ ಗುರುಗಳ ಜೊತೆ ಕೂತು ಕಡೆಯ ಕಲಂ ಖಾಲಿ ಇರುವವರ ಹೆಸರು ಓದಿ.

ಕಚೇರಿಯನ್ನೂ ಮರೆಯಬೇಡಿ. ಬಹಳ ಜನ ಮೊದಲು ಬರುವುದು ಭಾನುವಾರದ ಪೂಜೆಗಲ್ಲ, ವಾರದ ನಡುವೆ ಕಚೇರಿಗೆ. ಮಗುವಿಗೆ ಜ್ಞಾನಸ್ನಾನ ಕೇಳಲು ಬಂದವರಿಗೆ ಮೊದಲ ಮಾತೇ ‘ನಿಮ್ಮ ನೋಂದಣಿ ಎಲ್ಲಿ?’ ಎಂದಾದರೆ ಅವರು ಬಂದ ದಾರಿಯಲ್ಲೇ ತಿರುಗುತ್ತಾರೆ. 1983ರ ಧರ್ಮಸಭೆಯ ಕಾನೂನಿನ 868ನೇ ವಿಧಿ ಇಲ್ಲಿ ಓದಿಕೊಳ್ಳಬೇಕಾದದ್ದು. ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಭರವಸೆ ಸ್ವಲ್ಪವೂ ಇಲ್ಲದಿದ್ದರೆ ಜ್ಞಾನಸ್ನಾನವನ್ನು ಮುಂದೂಡಬೇಕು, ಕಾರಣವನ್ನು ತಂದೆತಾಯಿಗೆ ತಿಳಿಸಬೇಕು ಎನ್ನುತ್ತದೆ. ಮುಂದೂಡುವ ತೀರ್ಮಾನ ಗುರುಗಳದ್ದು, ಮೇಜಿನಲ್ಲಿ ಕೂತವರದ್ದಲ್ಲ. ನೀವು ಮಗುವಿನ ಹೆಸರು ಕೇಳಿ, ಸಂತೋಷಪಡಿ, ಭೇಟಿಯ ದಿನ ಗೊತ್ತು ಮಾಡಿ.

ಸಾವಿನ ಮನೆಯಿಂದ ಕರೆ ಬಂದಾಗ ತೀರಿಹೋದವರ ಹೆಸರು, ಕರೆ ಮಾಡಿದವರ ಹೆಸರು, ನಂಬರ್ ಬರೆದುಕೊಳ್ಳಿ. ಗುರುಗಳು ಎಷ್ಟು ಹೊತ್ತಿನೊಳಗೆ ಮಾತಾಡುತ್ತಾರೆ ಎಂದು ಹೇಳಿ. ಮಾತಿನಲ್ಲಿ ‘ಬಾಡಿ’ ಅನ್ನಬೇಡಿ, ತೀರಿಹೋದವರ ಹೆಸರು ಹಿಡಿದು ಮಾತಾಡಿ. ಶುಲ್ಕದ ಪ್ರಶ್ನೆ ಅವರಾಗಿ ಎತ್ತುವವರೆಗೂ ಬಾಯಿಗೆ ಬರಬಾರದು. ಹೊರಗಿನ ಫಲಕ, ಫೋನಿನ ರೆಕಾರ್ಡಿಂಗ್, ಇಂಟರ್ನೆಟ್ ಮ್ಯಾಪಿನಲ್ಲಿ ಹಾಕಿದ ಪೂಜಾ ಸಮಯ ಮೂರೂ ಒಂದೇ ಆಗಿವೆಯೇ ಎಂದು ಕ್ರಿಸ್ಮಸ್ ಮತ್ತು ಪಾಸ್ಕ (ಈಸ್ಟರ್) ವಾರಕ್ಕೆ ಮುಂಚೆ ತಪ್ಪದೆ ನೋಡಿ. ಆಗಲೇ ಹೊಸಬರು ಹೆಚ್ಚು ಬರುವುದು, ಆಗಲೇ ವೇಳೆ ಬದಲಾಗುವುದು.

ಇಳಿಜಾರುದಾರಿ:

ಮೂರು ಮೆಟ್ಟಿಲು ಒಂದೊಂದು 15 ಸೆಂ.ಮೀ. ಇದ್ದರೆ ಒಟ್ಟು 45 ಸೆಂ.ಮೀ. ಎತ್ತರ. ಗಾಲಿಕುರ್ಚಿಗೆ ಇಳಿಜಾರು 1:12ಕ್ಕಿಂತ ಕಡಿದಾಗಬಾರದು. ಅಂದರೆ 5.4 ಮೀಟರ್ ಉದ್ದ ಬೇಕು, ಮೇಲೆ ಬಾಗಿಲ ಮುಂದೆ ಕುರ್ಚಿ ತಿರುಗಿಸಲು ಒಂದೂವರೆ ಮೀಟರ್ ಸಮತಟ್ಟು. ಮುಂದೆ ಅಷ್ಟು ಜಾಗವಿಲ್ಲದಿದ್ದರೆ ಮೆಟ್ಟಿಲು ಕಡಿಮೆ ಇರುವ ಪಕ್ಕದ ಬಾಗಿಲು ನೋಡಿ. ಎರಡು ಹಲಗೆ ಇಟ್ಟು ಕಡಿದಾದ ದಾರಿ ಮಾಡಿದರೆ ತಳ್ಳುವವರೂ ಜಾರುತ್ತಾರೆ, ಕೂತವರೂ ಹೆದರುತ್ತಾರೆ. ಬಾಗಿಲು ತೆರೆದಾಗ 90 ಸೆಂ.ಮೀ. ಖುಲ್ಲಾ ಸಿಗಬೇಕು. ಇಳಿಜಾರು ಕಟ್ಟಿಸಿ ಆ ಬಾಗಿಲಿಗೆ ಬೀಗ ಹಾಕಿಡುವ ತಪ್ಪು ಎಷ್ಟೋ ಕಡೆ ಆಗುತ್ತದೆ. ಬೀಗದ ಕೈ ಪೂಜೆಗೆ ಮುಂಚೆ ಬಾಗಿಲಲ್ಲಿ ನಿಲ್ಲುವವರ ಬಳಿಯೇ ಇರಬೇಕು.

ಒಳಗೆ ಗಾಲಿಕುರ್ಚಿಯನ್ನು ನಡುದಾರಿಯಲ್ಲಿ ನಿಲ್ಲಿಸಬೇಡಿ, ಎಲ್ಲರೂ ಎಡವುತ್ತಾರೆ. ನಡುಭಾಗದ ಎರಡು ಬೆಂಚುಗಳನ್ನು ಒಂದು ಕಡೆ 90 ಸೆಂ.ಮೀ. ಮೊಟಕು ಮಾಡಿಸಿ. ಪಕ್ಕದಲ್ಲೇ ಮನೆಯವರು ಕೂರಬಹುದು, ಮುಂದಿನವರು ಎದ್ದು ನಿಂತಾಗಲೂ ಬಲಿಪೀಠ ಕಾಣುವಂಥ ಜಾಗ ಆರಿಸಿ.

ಗೋಧಿಯ ಗ್ಲುಟೆನ್ ಒಗ್ಗದವರ ವಿಷಯವೂ ಇದೇ ಸಾಲಿನದು. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿಗೆ ಕಥೋಲಿಕ ಸಭೆಯಲ್ಲಿ ಮಾನ್ಯತೆ ಇಲ್ಲ, ಕಡಿಮೆ ಗ್ಲುಟೆನ್‌ನ ಗೋಧಿ ರೊಟ್ಟಿಗೆ ಇದೆ. ಅದನ್ನು ಬೇರೆ ಮುಚ್ಚಳದ ಪಾತ್ರೆಯಲ್ಲಿಟ್ಟು ಬಲಿಪೀಠದ ಮೇಲಿಡಬೇಕು. ತಪ್ಪುವುದು ಹಂಚುವಾಗ: ಸಾಮಾನ್ಯ ರೊಟ್ಟಿ ಮುಟ್ಟಿದ ಬೆರಳಿನಿಂದಲೇ ಇದನ್ನೂ ಎತ್ತಿಕೊಟ್ಟರೆ ಪ್ರತ್ಯೇಕ ಇಟ್ಟದ್ದು ವ್ಯರ್ಥ. ಆ ಪಾತ್ರೆಯನ್ನೇ ಚಾಚಿ ಅವರೇ ತೆಗೆದುಕೊಳ್ಳುವಂತೆ ಮಾಡಬಹುದೇ ಎಂದು ಮೊದಲೇ ಗುರುಗಳ ಜೊತೆ ಮಾತಾಡಿಕೊಳ್ಳಿ. ಇಂಥವರು ಪೂಜೆಗೆ ಮುಂಚೆ ಯಾರಿಗೆ ಹೇಳಬೇಕು ಎಂಬುದು ಫಲಕದಲ್ಲಿರಲಿ.

ಗಂಟೆಗೋಪುರ:

ತಂಡಕ್ಕೆ ಜನ ಸಿಗದಿದ್ದರೆ, ‘ಬಾಗಿಲು ಕಾಯುವ ಕೆಲಸ’ ಎಂಬ ತಾತ್ಸಾರ ಇದ್ದರೆ ಒಂದು ವಿಷಯ ಹೇಳಿ. 1972ರಲ್ಲಿ ಪೋಪ್ ಆರನೇ ಪೌಲರು ಬದಲಿಸುವವರೆಗೂ ಲತೀನ್ (ರೋಮನ್ ಕಥೋಲಿಕ) ಸಭೆಯಲ್ಲಿ ದ್ವಾರಪಾಲಕ ಎಂಬ ದೀಕ್ಷೆಯೇ ಇತ್ತು. ಗುರುವಾಗುವವರೆಲ್ಲ ಅದನ್ನು ದಾಟಿಯೇ ಮುಂದೆ ಹೋಗಬೇಕಿತ್ತು, ದೀಕ್ಷೆಯ ವೇಳೆ ಚರ್ಚಿನ ಬೀಗದ ಕೈ ಮುಟ್ಟಿಸಿ ಗಂಟೆ ಬಾರಿಸಿಸುತ್ತಿದ್ದರು. ಇವತ್ತಿಗೂ ರೋಮನ್ ಪೂಜಾಗ್ರಂಥದ ಸಾಮಾನ್ಯ ನಿರ್ದೇಶನದ 105ನೇ ಕಲಂ ಬಾಗಿಲಲ್ಲಿ ಬರಮಾಡಿಕೊಳ್ಳುವವರನ್ನು ಪೂಜೆಯ ಸೇವೆಗಳ ಸಾಲಿನಲ್ಲೇ ಎಣಿಸುತ್ತದೆ.

ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ಬರೆದ ಮಠನಿಯಮದ 66ನೇ ಅಧ್ಯಾಯದಲ್ಲಿ ಬಾಗಿಲಿಗೆ ಎಂಥವರು ಬೇಕು ಎಂದಿದೆ: ತಿಳಿವಳಿಕೆಯುಳ್ಳ ವಯಸ್ಸಾದ ಸನ್ಯಾಸಿ, ಬಂದವರ ಮಾತನ್ನು ಕೇಳಿಕೊಂಡು ಉತ್ತರ ತಂದುಕೊಡಬಲ್ಲವರು. ಅವರ ಕೋಣೆ ಬಾಗಿಲ ಪಕ್ಕದಲ್ಲೇ ಇರಬೇಕು, ಬಡಿದ ಸದ್ದು ಕೇಳಿದೊಡನೆ ‘ದೇವರಿಗೆ ಸ್ತೋತ್ರ’ ಅನ್ನಬೇಕು. ನೆರವು ಬೇಕಾದರೆ ಜೊತೆಗೆ ಕಿರಿಯರೊಬ್ಬರು. ಕಚೇರಿಮೇಜು ಅವರು ಹೇಳಿದ ಚೀಟಿ, ಮಂಗಳವಾರದ ಕರೆ ಎರಡೂ ಇದರಲ್ಲೇ ಇವೆ. 53ನೇ ಅಧ್ಯಾಯ ಅತಿಥಿಗಳ ಅಡುಗೆಗೆ ಇಬ್ಬರನ್ನು ವರ್ಷಪೂರ್ತಿ ನೇಮಿಸಿ ಎನ್ನುತ್ತದೆ. ತಿಂಗಳಿಗೊಮ್ಮೆ ಮುಖ ಬದಲಿಸಿದರೆ ಬಂದವರ ಮುಖ ಯಾರಿಗೂ ನೆನಪಿರುವುದಿಲ್ಲ.

ಹಾಗಾಗಿ ಒಬ್ಬ ಹಿರಿಯರು, ಒಬ್ಬ ಕಿರಿಯರ ಜೋಡಿ ಮಾಡಿ, ಒಂದು ವರ್ಷದ ಹೊಣೆ ಕೊಡಿ. ಎರಡನೇ ತಿಂಗಳಲ್ಲಿ ಹೊಸ ಕುಟುಂಬವೊಂದಕ್ಕೆ ಒಂದು ದಿನದ ಸಣ್ಣ ಕೆಲಸ ಕೊಡಿ. ಕಾಣಿಕೆಯ ಮೆರವಣಿಗೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತರುವುದು ಒಳ್ಳೆಯದು, ಅದಕ್ಕೆ ತರಬೇತಿ ಬೇಕಿಲ್ಲ. ಎಲ್ಲರನ್ನೂ ಉದ್ದೇಶಿಸಿ ಮೈಕಿನಲ್ಲಿ ಕರೆಯಬೇಡಿ. ಹಿಂದಿನ ವಾರವೇ ಹತ್ತಿರ ಹೋಗಿ, ಹೆಸರು ಹಿಡಿದು, ‘ಮುಂದಿನ ಭಾನುವಾರ ಎರಡನೇ ಪೂಜೆಗೆ ನೀವು ತರ್ತೀರಾ? ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಅಂತ ನಾನು ಜೊತೆಗಿದ್ದು ಹೇಳ್ತೀನಿ’ ಎಂದು ಕೇಳಿ. ಒಲ್ಲೆ ಅಂದರೆ ಸರಿ ಅನ್ನಿ, ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಕೇಳಿ.